ಬೆವರು ಕಾಣಬಾರದು: ಓದುವವರಿಗೆ ಬ್ರಿಟನ್ ಇಟ್ಟ ಹೆಸರುಗಳು

2019ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೋದ ನ್ಯಾಯಾಲಯಕ್ಕೆ ಬ್ರಿಟನ್ ಸರ್ಕಾರ ಕೆಲವು ಆಂತರಿಕ ಟಿಪ್ಪಣಿಗಳನ್ನು ಸಲ್ಲಿಸಿತು. ಸಂಸತ್ತನ್ನು ಐದು ವಾರ ಸ್ಥಗಿತಗೊಳಿಸುವ ಪ್ರಧಾನಿ ಬೋರಿಸ್ ಜಾನ್ಸನ್ ಅವರ ನಿರ್ಧಾರವನ್ನು ಪ್ರಶ್ನಿಸಿದ್ದ ಮೊಕದ್ದಮೆ ಅದು. ಆಗಸ್ಟ್ 16ರಂದು ಜಾನ್ಸನ್ ಕೈಬರಹದಲ್ಲಿ ಬರೆದಿದ್ದ ಷರಾದಲ್ಲಿ ಒಂದು ಕಡೆ ಕಪ್ಪು ಪಟ್ಟಿ ಎಳೆದು ಅಕ್ಷರಗಳನ್ನು ಮುಚ್ಚಲಾಗಿತ್ತು. ರಾಜ್ಯದ ಗುಟ್ಟೇನೋ ಇರಬೇಕೆಂದು ಜನ ಭಾವಿಸಿದ್ದರು. ಮುಚ್ಚದ ಪ್ರತಿ ಹೊರಬಿದ್ದಾಗ ಅಲ್ಲಿದ್ದದ್ದು ಒಂದು ಬೈಗುಳ: 'ಗರ್ಲಿ ಸ್ವಾಟ್'. ಸೆಪ್ಟೆಂಬರ್ ಅಧಿವೇಶನ ಎಂಬುದೇ ಒಂದು ತೋರಿಕೆ, ಸಂಸದರು ತಿನ್ನುವ ಅನ್ನಕ್ಕೆ ತಕ್ಕ ಕೆಲಸ ಮಾಡುತ್ತಾರೆ ಎಂದು ಜನರಿಗೆ ತೋರಿಸಲು ಹಿಂದಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಎಂಬ 'ಗರ್ಲಿ ಸ್ವಾಟ್' ಇದನ್ನು ತಂದರು ಎಂಬುದು ಆ ಷರಾದ ತಾತ್ಪರ್ಯ.

'ಸ್ವಾಟ್' ಎಂದರೆ ಪುಸ್ತಕದ ಮುಂದಿನಿಂದ ಏಳದವನು, ಶ್ರದ್ಧೆಯಿಂದ ಓದುವವನು, ಪರೀಕ್ಷೆಗೆ ಬೇಕಾದ್ದನ್ನೆಲ್ಲ ಮೊದಲೇ ಮುಗಿಸಿಟ್ಟುಕೊಂಡಿರುವವನು. ಹಿಂದೆ 'ಗರ್ಲಿ' ಸೇರಿದರೆ ಹುಡುಗಿಯರ ಹಾಗೆ ಓದುವವನು. ಇಷ್ಟರಲ್ಲಿ ಬೈಗುಳ ಎಲ್ಲಿದೆ ಎಂದು ನಮ್ಮ ಓದುಗರಿಗೆ ಅನಿಸುವುದು ಸಹಜ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ನಮ್ಮ ಪತ್ರಿಕೆಗಳಲ್ಲಿ ಅಪ್ಪ ಅಮ್ಮ ಮಗಳ ಬಾಯಿಗೆ ಸಿಹಿ ಇಡುವ ಚಿತ್ರ ಬರುತ್ತದೆ. ನಮ್ಮ ಹಾಸ್ಟೆಲುಗಳಲ್ಲೂ 'ಕುಡುಮಿ' ಎಂಬ ಛೇಡಿಕೆ ಇದೆ, 'ಪುಸ್ತಕದ ಹುಳು' ಇದೆ. ಆದರೆ ಕುಡುಮಿಯನ್ನು ಛೇಡಿಸಿದವರೇ ಪರೀಕ್ಷೆಯ ಹಿಂದಿನ ವಾರ ಅವನ ನೋಟ್ಸಿಗೆ ಕೈ ಚಾಚುತ್ತಾರೆ, ಮನೆಗೆ ಹೋದಾಗ ಅವನ ಹೆಸರು ಹೇಳಿಯೇ ಬೈಸಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ, ಅದರಲ್ಲೂ ಇಂಗ್ಲೆಂಡಿನಲ್ಲಿ, ಈ ಮಾತಿಗೆ ಇರುವ ಮೊನಚು ಬೇರೆ. ಜಾನ್ಸನ್, ಕ್ಯಾಮರೂನ್ ಇಬ್ಬರೂ ಈಟನ್ ಶಾಲೆಯವರು, ಇಬ್ಬರೂ ಆಕ್ಸ್‌ಫರ್ಡಿನವರು. ಕ್ಯಾಮರೂನ್ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು, ಜಾನ್ಸನ್ ಅವರಿಗೆ ಸಿಕ್ಕಿದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ದರ್ಜೆ. ಐವತ್ತು ದಾಟಿದ ಒಬ್ಬ ಪ್ರಧಾನಿ ಇನ್ನೊಬ್ಬರನ್ನು ಹಳಿಯಲು ಶಾಲೆಯ ದಿನಗಳ ಆ ಒಂದು ಪದವೇ ಸಾಕಾಯಿತು ಎಂದರೆ, ಆ ಪದದ ಹಿಂದೆ ದೊಡ್ಡದೊಂದು ಚರಿತ್ರೆ ಇರಲೇಬೇಕು. ಆ ಚರಿತ್ರೆಯನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಪದದ ಹುಟ್ಟಿನಲ್ಲೇ ಅರ್ಧ ಉತ್ತರ ಸಿಗುತ್ತದೆ. 'ಸ್ವಾಟ್' ಎಂಬುದು ಬೆವರು ಎಂಬ ಅರ್ಥದ 'ಸ್ವೆಟ್' ಪದದ ಪ್ರಾದೇಶಿಕ ಉಚ್ಚಾರ. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅದು ಬರಹದಲ್ಲಿ ಕಾಣಿಸಿಕೊಂಡಿತ್ತು. ಅದು ಹುಟ್ಟಿದ್ದು ಸ್ಯಾಂಡ್‌ಹರ್ಸ್ಟ್‌ನ ಸೈನಿಕ ಕಾಲೇಜಿನಲ್ಲಿ ಎಂಬ ಕತೆ ಆ ಕಾಲದಿಂದಲೇ ಪ್ರಚಲಿತವಾಗಿದೆ. ಅಲ್ಲಿ ವಿಲಿಯಂ ವ್ಯಾಲೆಸ್ ಎಂಬ ಸ್ಕಾಟಿಷ್ ಗಣಿತಜ್ಞರು ಪಾಠ ಹೇಳುತ್ತಿದ್ದರು. 1819ರಲ್ಲಿ ಅವರು ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ಹೋದರು. ಕಷ್ಟದ ಲೆಕ್ಕ ಬಂದಾಗ, ಇದು ಬೆವರಿಳಿಸುತ್ತದೆ ಎಂದು ಅವರು ತಮ್ಮ ಊರಿನ ಗಡುಸು ಉಚ್ಚಾರದಲ್ಲಿ ಹೇಳುತ್ತಿದ್ದರಂತೆ. ಹುಡುಗರು ಅದನ್ನು ಅಣಕಿಸುತ್ತ ಹೋದರು. ಮೊದಮೊದಲು ಸೈನ್ಯದ ಆಡುಮಾತಿನಲ್ಲಿ ಗಣಿತಕ್ಕೇ 'ಸ್ವಾಟ್' ಎಂಬ ಹೆಸರಿತ್ತು. ಆಮೇಲೆ ಗಣಿತ ಬಲ್ಲವನು, ಕೊನೆಗೆ ಏನನ್ನಾದರೂ ಬೆವರು ಸುರಿಸಿ ಓದುವವನು ಸ್ವಾಟ್ ಆದನು. ಎಂಬಿಎ ತರಗತಿಗಳಲ್ಲಿ ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದು ಮಾಡುವ ಸ್ವಾಟ್ ವಿಶ್ಲೇಷಣೆಗೂ ಇದಕ್ಕೂ ಸಂಬಂಧವಿಲ್ಲ; ಅದು ನಾಲ್ಕು ಪದಗಳ ಮೊದಲಕ್ಷರ ಸೇರಿಸಿ ಕಟ್ಟಿದ ಹೆಸರು.

ಬೆವರು ಎಂಬ ಈ ಒಂದು ಎಳೆಯನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಇಂಗ್ಲೆಂಡಿನ ಮೇಲ್ವರ್ಗದವರು ಬುದ್ಧಿವಂತಿಕೆಯನ್ನು ಎಂದೂ ಕೀಳಾಗಿ ಕಂಡವರಲ್ಲ. ಅವರಿಗೆ ಸಹಿಸಲಾಗದಿದ್ದದ್ದು ಶ್ರಮ ಕಣ್ಣಿಗೆ ಬೀಳುವುದು. ಗ್ರೀಕ್ ಪದ್ಯವನ್ನು ಬಾಯಲ್ಲಿ ಹೇಳುವುದು ಶೋಭೆ, ಅದಕ್ಕಾಗಿ ರಾತ್ರಿ ಕೂತು ಓದಿದ್ದು ಗೊತ್ತಾದರೆ ಅವಮಾನ. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಓದಿ ಪ್ರಧಾನಿಯಾದ ಆಸ್ಕ್ವಿತ್ ತಮ್ಮ ಕಾಲೇಜಿನವರ ಲಕ್ಷಣವನ್ನು 'ಆಯಾಸವಿಲ್ಲದ ಶ್ರೇಷ್ಠತೆ' ಎಂದು ಬಣ್ಣಿಸಿದ್ದಾಗಿ ಹೇಳುತ್ತಾರೆ. ಜಮೀನು, ಹಣ, ಹುದ್ದೆ, ಪದವಿ ಎಲ್ಲವೂ ಹುಟ್ಟಿನಿಂದಲೇ ಬರುತ್ತಿದ್ದ ಸಮಾಜದಲ್ಲಿ ಕಷ್ಟಪಟ್ಟು ಓದುವುದೆಂದರೆ, ನನಗೆ ಇದು ಹುಟ್ಟಿನಿಂದ ಬಂದದ್ದಲ್ಲ ಎಂದು ಒಪ್ಪಿಕೊಂಡಂತೆ. ಹೊಟ್ಟೆಪಾಡಿಗಾಗಿ ಓದುವವನು ಪಾದ್ರಿಯ ಮಗನೋ ಅಂಗಡಿಯವನ ಮಗನೋ ಆಗಿರಬೇಕು ಎಂಬ ಎಣಿಕೆ ಅಲ್ಲಿ ಕೆಲಸ ಮಾಡುತ್ತಿತ್ತು. ಕ್ರಿಕೆಟ್ಟಿನಲ್ಲೂ ಇದೇ ಎಣಿಕೆ. ದುಡ್ಡು ಪಡೆಯದೆ ಆಡುವ 'ಜೆಂಟಲ್‌ಮನ್' ಬೇರೆ, ಸಂಬಳಕ್ಕೆ ಆಡುವ 'ಪ್ಲೇಯರ್' ಬೇರೆ ಎಂಬ ಭೇದವನ್ನು ಅವರು 1962ರವರೆಗೂ ಇಟ್ಟುಕೊಂಡಿದ್ದರು.

ಹೀಗಾಗಿ ಹಳೆಯ ದೊಡ್ಡ ಶಾಲೆಗಳು ಒಂದೊಂದೂ ತನ್ನದೇ ಹೀಯಾಳಿಕೆಯನ್ನು ಸಾಕಿಕೊಂಡಿದ್ದವು. ಈಟನ್‌ನಲ್ಲಿ ಓದುಬಾಕನಿಗೆ 'ಸ್ಯಾಪ್'. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕಣ್ಣು ನೆಟ್ಟು ಓದುವುದಕ್ಕೆ 'ಮಝ್'. ವಿಂಚೆಸ್ಟರ್ ಶಾಲೆಗಂತೂ ತನ್ನದೇ ಪದಕೋಶವಿತ್ತು. ಹೊಸದಾಗಿ ಸೇರಿದ ಹುಡುಗರು ಆ ಪದಗಳನ್ನು ಕಲಿತು ಹಿರಿಯ ಹುಡುಗರಿಗೆ ಒಪ್ಪಿಸಬೇಕಿತ್ತು. ಅಲ್ಲಿ ಕಷ್ಟಪಟ್ಟು ಓದುವುದಕ್ಕೆ 'ಮಗ್', ಹಾಸಿಗೆ ಬಿಟ್ಟೇಳದೆ ಸೋಮಾರಿಯಾಗಿರುವುದಕ್ಕೆ 'ಥೋಕ್'. ವಿಶ್ವವಿದ್ಯಾಲಯಕ್ಕೆ ಬಂದರೆ ಅಲ್ಲಿ ಎರಡು ಪಂಗಡಗಳು: ಓದುವ 'ರೀಡಿಂಗ್ ಮೆನ್' ಒಂದು ಕಡೆ, ಕುಡಿದು ಗದ್ದಲವೆಬ್ಬಿಸುವವರು ಇನ್ನೊಂದು ಕಡೆ. ಆಟಕ್ಕೂ ಬಾರದೆ ಕೂಟಕ್ಕೂ ಸೇರದೆ ಕೋಣೆಯಲ್ಲಿ ಕೂತು ಓದುವವನನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ 'ಸ್ಮಗ್' ಎನ್ನುತ್ತಿದ್ದರು. ಇವುಗಳಲ್ಲಿ ಬಹುಪಾಲು ಈಗ ಸತ್ತುಹೋಗಿವೆ. ಸ್ಯಾಂಡ್‌ಹರ್ಸ್ಟ್‌ನ 'ಸ್ವಾಟ್' ಮಾತ್ರ ಎಲ್ಲ ಶಾಲೆಗಳಿಗೂ ಹಬ್ಬಿ ಉಳಿದುಕೊಂಡಿತು.

ಆದರೆ ಅದೇ ಇಂಗ್ಲೆಂಡಿನಲ್ಲಿ ಓದನ್ನು ಕ್ರೂರವೆನ್ನುವಷ್ಟು ಪೈಪೋಟಿಗೆ ಒಡ್ಡಿದ ಒಂದು ಜಾಗವೂ ಇತ್ತು. ಅದು ಕೇಂಬ್ರಿಜ್. ಅಲ್ಲಿನ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದವರಿಗೆ 'ರ್‍ಯಾಂಗ್ಲರ್' ಎಂಬ ಬಿರುದು. ಪರೀಕ್ಷೆ ಬಾಯಿಮಾತಿನ ವಾದವಾಗಿ ನಡೆಯುತ್ತಿದ್ದ ಕಾಲದಿಂದ ಉಳಿದ ಹೆಸರು ಅದು. ವಾಗ್ವಾದ ಮಾಡುವವನು ಎಂದರ್ಥ. ಎಲ್ಲರಿಗಿಂತ ಮೇಲಿನವನು 'ಸೀನಿಯರ್ ರ್‍ಯಾಂಗ್ಲರ್'. ಅವನ ಹೆಸರು ಪತ್ರಿಕೆಗಳಲ್ಲಿ ಬರುತ್ತಿತ್ತು, ಅವನ ಊರಿನಲ್ಲಿ ಹಬ್ಬವಾಗುತ್ತಿತ್ತು. ಪಟ್ಟಿಯ ತಳದಲ್ಲಿ ಉಳಿದವನಿಗೆ 'ವುಡನ್ ಸ್ಪೂನ್', ಅಂದರೆ ಮರದ ಸೌಟು. ಇದು ಬರಿಯ ಮಾತಿನ ತಮಾಷೆಯಾಗಿರಲಿಲ್ಲ. ಪದವಿ ಪ್ರದಾನದ ದಿನ ಸೆನೆಟ್ ಹೌಸ್ ಎಂಬ ಸಭಾಂಗಣದಲ್ಲಿ ಆ ಕೊನೆಯವನು ಮುಂದೆ ಬಂದಾಗ, ಮೇಲಿನ ಮೊಗಸಾಲೆಯಿಂದ ಗೆಳೆಯರು ನಿಜವಾದ ದೊಡ್ಡ ಸೌಟೊಂದನ್ನು ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. 1909ರಲ್ಲಿ ಕೊನೆಯ ಸೌಟು ಸಂತ ಜಾನ್ ಕಾಲೇಜಿನ ಹೋಲ್ಟ್‌ಹೌಸ್ ಎಂಬ ವಿದ್ಯಾರ್ಥಿಗೆ ಸಿಕ್ಕಿತು. ಅವನು ದೋಣಿಸ್ಪರ್ಧೆಯವನು, ಸೌಟನ್ನೂ ದೋಣಿಯ ಹುಟ್ಟಿನಿಂದಲೇ ಮಾಡಿದ್ದರು. ಆ ವರ್ಷದ ನಂತರ ಅಂಕದ ಕ್ರಮದಲ್ಲಿ ಹೆಸರು ಓದುವ ಪದ್ಧತಿಯನ್ನೇ ಕೈಬಿಟ್ಟರು. ಮೇಲಿನವನಿಗೆ ಮರ್ಯಾದೆ, ತಳದವನಿಗೆ ಪ್ರೀತಿ. ಈ ಎರಡು ಭಾವಗಳು ಒಂದೇ ಸಭಾಂಗಣದಲ್ಲಿ ಒಟ್ಟಿಗೆ ಇದ್ದವು ಎಂಬುದು ನನಗೆ ಈ ಇಡೀ ವಿಷಯದ ಕೀಲಿಯಂತೆ ಕಾಣುತ್ತದೆ.

ರ್‍ಯಾಂಗ್ಲರ್ ಎಂಬ ಬಿರುದು ನಮ್ಮ ನಾಡಿಗೂ ಬಂದಿದೆ. ಗೋಕಾಕ ಸೀಮೆಯಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಗಣಿತ ಓದಿದ ಡಿ.ಸಿ. ಪಾವಟೆಯವರು ರ್‍ಯಾಂಗ್ಲರ್ ಆಗಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಅದರ ಎಳೆಯ ದಿನಗಳಲ್ಲಿ ಕುಲಪತಿಯಾಗಿ ಕಟ್ಟಿ ನಿಲ್ಲಿಸಿದವರು ಅವರೇ.

ಕೇಂಬ್ರಿಜ್‌ನ ಈ ಓಟದಲ್ಲಿ ಮುಂದೆ ಬರಬೇಕಾದರೆ ಕಾಲೇಜಿನ ಪಾಠ ಸಾಲುತ್ತಿರಲಿಲ್ಲ. ಹಣ ಕೊಟ್ಟು ಖಾಸಗಿ ಗುರುವಿನ ಬಳಿ ಹೋಗಬೇಕಿತ್ತು. ಅಂಥ ಗುರುವಿಗೆ ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರು 'ಕೋಚ್'. ಆ ಕಾಲದಲ್ಲಿ ಕೋಚ್ ಎಂದರೆ ಕುದುರೆಗಳು ಎಳೆಯುವ ಸಾರೋಟು. ಹತ್ತಿ ಕುಳಿತರೆ ಸಾಕು, ಪರೀಕ್ಷೆಯ ಆಚೆ ದಡಕ್ಕೆ ಮುಟ್ಟಿಸುತ್ತದೆ ಎಂಬ ಭಾವ. ವಿಲಿಯಂ ಹಾಪ್‌ಕಿನ್ಸ್ ಎಂಬ ಕೋಚ್‌ಗೆ 'ಸೀನಿಯರ್ ರ್‍ಯಾಂಗ್ಲರ್‌ಗಳನ್ನು ತಯಾರಿಸುವವರು' ಎಂದೇ ಹೆಸರಾಗಿತ್ತು. ಅವರ ಶಿಷ್ಯ ಎಡ್ವರ್ಡ್ ರೌತ್ 1854ರಲ್ಲಿ ಮೊದಲ ಸ್ಥಾನ ಪಡೆದರು. ಆ ವರ್ಷ ಎರಡನೆಯ ಸ್ಥಾನಕ್ಕೆ ನಿಂತವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಮ್ಯಾಕ್ಸ್‌ವೆಲ್ ಮುಂದೆ ವಿದ್ಯುತ್ಕಾಂತೀಯ ಸಿದ್ಧಾಂತವನ್ನು ಕೊಟ್ಟರು. ರೌತ್ ಸ್ವತಃ ಕೋಚ್ ಆಗಿ ಇಪ್ಪತ್ತೈದಕ್ಕೂ ಹೆಚ್ಚು ಸೀನಿಯರ್ ರ್‍ಯಾಂಗ್ಲರ್‌ಗಳನ್ನು ತಯಾರಿಸಿದರು. ಆಟದ ಮೈದಾನದ ಕೋಚ್ ಬಂದದ್ದು ಆಮೇಲೆ, ಇದೇ ಪದದಿಂದ. ಇಂದು ಬೆಂಗಳೂರಿನ ವಿಜಯನಗರದಲ್ಲಿ, ಧಾರವಾಡದಲ್ಲಿ ಬೀದಿಗೊಂದರಂತೆ ಕಾಣುವ 'ಕೋಚಿಂಗ್ ಸೆಂಟರ್' ಫಲಕಗಳಲ್ಲಿರುವುದು ಇಂಗ್ಲೆಂಡಿನ ವಿದ್ಯಾರ್ಥಿಗಳ ಆ ಹಳೆಯ ಛೇಡಿಕೆಯೇ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪರೀಕ್ಷೆ ಕೇಂಬ್ರಿಜ್‌ನ ಗೋಡೆ ದಾಟಿ ಸರ್ಕಾರದೊಳಕ್ಕೆ ನುಗ್ಗಿತು. ಶಿಫಾರಸಿನಿಂದ ನೌಕರಿ ಕೊಡುವುದನ್ನು ಬಿಟ್ಟು ಸ್ಪರ್ಧಾ ಪರೀಕ್ಷೆ ನಡೆಸಬೇಕೆಂದು ನಾರ್ತ್‌ಕೋಟ್ ಮತ್ತು ಟ್ರೆವೆಲ್ಯನ್ ಅವರ ವರದಿ 1854ರಲ್ಲಿ ಹೇಳಿತು. ಮರುವರ್ಷವೇ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಲಂಡನ್ನಿನಲ್ಲಿ ಪರೀಕ್ಷೆ ಶುರುವಾಯಿತು. 1863ರಲ್ಲಿ ಸತ್ಯೇಂದ್ರನಾಥ ಟ್ಯಾಗೋರ್ ಅದರಲ್ಲಿ ತೇರ್ಗಡೆಯಾದ ಮೊದಲ ಭಾರತೀಯರಾದರು. ಸೈನ್ಯದಲ್ಲಿ ಅಧಿಕಾರಿಯ ಹುದ್ದೆಯನ್ನು ಹಣ ಕೊಟ್ಟು ಕೊಳ್ಳುವ ಪದ್ಧತಿ 1871ರಲ್ಲಿ ರದ್ದಾಯಿತು. ಇದುವರೆಗೆ ಹುಟ್ಟಿನಿಂದಲೋ ಹಣದಿಂದಲೋ ಸಿಗುತ್ತಿದ್ದುದಕ್ಕೆ ಈಗ ಓದಲೇಬೇಕಾಯಿತು. ಓದಿನ ಅಭ್ಯಾಸವಿಲ್ಲದ ಸಿರಿವಂತ ಮನೆಗಳ ಮಕ್ಕಳನ್ನು ಕೆಲವೇ ತಿಂಗಳಲ್ಲಿ ಪರೀಕ್ಷೆಗೆ ಸಿದ್ಧಗೊಳಿಸುವ ಮನೆಪಾಠದ ಅಂಗಡಿಗಳು ಲಂಡನ್ನಿನಲ್ಲಿ ಏಳತೊಡಗಿದವು. ಅವುಗಳಿಗೆ 'ಕ್ರ್ಯಾಮರ್' ಎಂದು ಹೆಸರು. 'ಕ್ರ್ಯಾಮ್' ಎಂದರೆ ಗಿಡಿದು ತುಂಬುವುದು. ವಿನ್‌ಸ್ಟನ್ ಚರ್ಚಿಲ್ ಸ್ಯಾಂಡ್‌ಹರ್ಸ್ಟ್ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದರು. ಲೆಕ್ಸಮ್ ಗಾರ್ಡನ್ಸ್‌ನಲ್ಲಿದ್ದ ಕ್ಯಾಪ್ಟನ್ ಜೇಮ್ಸ್ ಅವರ ಕ್ರ್ಯಾಮರ್‌ಗೆ ಸೇರಿದ ಮೇಲೆ 1893ರಲ್ಲಿ, ಮೂರನೆಯ ಯತ್ನದಲ್ಲಿ ಪಾಸಾದರು.

ಓದುವವರ ಮೇಲಿನ ಹೀಯಾಳಿಕೆ ಕಡಿಮೆಯಾಗಬೇಕಿದ್ದ ಈ ಕಾಲದಲ್ಲೇ ಅದು ಹೆಚ್ಚಿದ್ದೇಕೆ? ನನ್ನ ತಿಳಿವಳಿಕೆಯಲ್ಲಿ ಕಾರಣ ಸ್ಪಷ್ಟ. ಪರೀಕ್ಷೆ ಬಂದದ್ದರಿಂದ ಹೊರಗಿನವನೂ ಒಳಗೆ ಬರುವಂತಾಯಿತು. ಬೆವರಿನಿಂದ ಬಾಗಿಲು ತೆರೆಯುತ್ತದೆ ಎಂದಾದಾಗ ಮೊದಲಿಂದ ಒಳಗಿದ್ದವರಿಗೆ ಉಳಿದ ಆಯುಧ ಒಂದೇ, ಬೆವರನ್ನೇ ಕೀಳು ಮಾಡುವುದು. ಭಾರತಕ್ಕೆ ಪರೀಕ್ಷೆಯ ಮೂಲಕ ಬಂದ ಅಧಿಕಾರಿಗಳನ್ನು ಇಲ್ಲಿದ್ದ ಹಳೆಯ ಬ್ರಿಟಿಷರು 'ಕಾಂಪಿಟಿಷನ್ ವಾಲಾ' ಎಂದು ಕರೆಯುತ್ತಿದ್ದರು. ಪುಸ್ತಕ ಬಲ್ಲರು, ಕುದುರೆ ಹತ್ತಲು ಬಾರದು ಎಂಬ ಮೂದಲಿಕೆ ಅದರಲ್ಲಿತ್ತು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಮೂದಲಿಕೆ ವಿಷವಾಗುತ್ತದೆ. 1750ರ ದಶಕದಿಂದ ಲಂಡನ್ನಿನಲ್ಲಿ ಎಲಿಜಬೆತ್ ಮಾಂಟೆಗ್ಯು ಮತ್ತು ಗೆಳತಿಯರು ಇಸ್ಪೀಟು ಬಿಟ್ಟು ಸಾಹಿತ್ಯ ಮಾತಾಡುವ ಕೂಟ ನಡೆಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಸ್ಟಿಲಿಂಗ್‌ಫ್ಲೀಟ್ ಸಭೆಗೆ ತಕ್ಕ ಕಪ್ಪು ರೇಷ್ಮೆಯ ಕಾಲುಚೀಲ ಬಿಟ್ಟು ದಿನನಿತ್ಯದ ನೀಲಿ ಉಣ್ಣೆಯ ಕಾಲುಚೀಲದಲ್ಲೇ ಬರುತ್ತಿದ್ದರು. ಅದರಿಂದ ಕೂಟಕ್ಕೆ 'ಬ್ಲೂಸ್ಟಾಕಿಂಗ್' ಎಂಬ ಹೆಸರು ಬಂತು. ಮೊದಲು ಗಂಡಸಿನ ಕಾಲುಚೀಲದಿಂದ ಹುಟ್ಟಿದ ಈ ನಲ್ಮೆಯ ಹೆಸರು, ಮುಂದಿನ ತಲೆಮಾರಿಗೆ ಓದಿದ ಹೆಣ್ಣನ್ನು ಜರೆಯುವ ಮಾತಾಗಿ ಉಳಿಯಿತು. ಓದಿದರೆ ಹೆಣ್ತನ ಹೋಗುತ್ತದೆ, ಗಂಡು ಸಿಗುವುದಿಲ್ಲ ಎಂಬ ಬೆದರಿಕೆ ಅದರೊಳಗೆ ಸೇರಿಕೊಂಡಿತು.

ಆ ಬೆದರಿಕೆಗೆ ಬಗ್ಗದವರು ಇದ್ದರು. ಕೇಂಬ್ರಿಜ್‌ನ ಹೆಣ್ಣುಮಕ್ಕಳ ಕಾಲೇಜಾದ ಗರ್ಟನ್ 1869ರಲ್ಲಿ ಆರಂಭವಾಯಿತು, ಎರಡು ವರ್ಷದ ಮೇಲೆ ನ್ಯೂನ್‌ಹ್ಯಾಂ. ಪರೀಕ್ಷೆ ಬರೆಯಬಹುದಿತ್ತು, ಪದವಿ ಕೊಡುತ್ತಿರಲಿಲ್ಲ. ಹೆಂಗಸರ ಹೆಸರನ್ನು ಬೇರೆಯಾಗಿ, ಗಂಡಸರ ಪಟ್ಟಿಯಲ್ಲಿ ಯಾರ ನಡುವೆ ನಿಲ್ಲುತ್ತಿದ್ದರು ಎಂದು ಹೇಳಿ ಓದುತ್ತಿದ್ದರು. 1890ರ ಗಣಿತದ ಟ್ರೈಪಾಸ್‌ನಲ್ಲಿ ನ್ಯೂನ್‌ಹ್ಯಾಂನ ಫಿಲಿಪ್ಪಾ ಫಾಸೆಟ್ ಅವರ ಹೆಸರು ಬಂದಾಗ ಪಟ್ಟಿ ಓದುತ್ತಿದ್ದವರು ಹೇಳಿದ್ದು ಇಷ್ಟೇ: 'ಸೀನಿಯರ್ ರ್‍ಯಾಂಗ್ಲರ್‌ಗಿಂತ ಮೇಲೆ'. ಆದರೂ ಬಿರುದು ಕೆಳಗಿದ್ದ ಗಂಡಸಿಗೇ ಹೋಯಿತು. 1897ರಲ್ಲಿ ಹೆಣ್ಣುಮಕ್ಕಳಿಗೂ ಪದವಿ ಕೊಡುವ ಪ್ರಸ್ತಾಪ ಮತಕ್ಕೆ ಬಂದ ದಿನ, ಸೆನೆಟ್ ಹೌಸ್‌ನ ಎದುರು ಸೈಕಲ್ ಏರಿದ ಹೆಣ್ಣಿನ ಪ್ರತಿಕೃತಿಯೊಂದನ್ನು ಅಂಗಡಿಯ ಮೇಲಿಂದ ನೇತುಹಾಕಿದ್ದರು. ಪ್ರಸ್ತಾಪ ಭಾರಿ ಅಂತರದಿಂದ ಸೋತಾಗ ವಿದ್ಯಾರ್ಥಿಗಳು ಆ ಪ್ರತಿಕೃತಿಯನ್ನು ಕೆಳಗೆಳೆದು ಹರಿದುಹಾಕಿದರು. ಆಕ್ಸ್‌ಫರ್ಡ್ 1920ರಲ್ಲಿ ಮಣಿಯಿತು, ಕೇಂಬ್ರಿಜ್ 1948ರವರೆಗೆ ಹಟ ಹಿಡಿಯಿತು.

ಜಾನ್ಸನ್ ಅವರ 'ಗರ್ಲಿ ಸ್ವಾಟ್' ಈ ಸಾಲಿನಲ್ಲಿ ನಿಲ್ಲುವ ಮಾತು. ಆ ಷರಾ ಹೊರಬಿದ್ದ ತಿಂಗಳಲ್ಲೇ, ಸೆಪ್ಟೆಂಬರ್ 24ರಂದು, ಸಂಸತ್ತಿನ ಸ್ಥಗಿತ ಕಾನೂನುಬಾಹಿರ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತೀರ್ಪನ್ನು ಓದಿದವರು ಆ ನ್ಯಾಯಾಲಯದ ಮೊದಲ ಮಹಿಳಾ ಅಧ್ಯಕ್ಷೆ ಲೇಡಿ ಹೇಲ್, ಗರ್ಟನ್ ಕಾಲೇಜಿನಲ್ಲಿ ಕಾನೂನು ಓದಿ ತಮ್ಮ ವರ್ಷದ ಮೊದಲಿಗರಾಗಿ ಹೊರಬಂದವರು. ಕೆಲವು ದಿನಗಳ ಬಳಿಕ ಹೆಣ್ಣುಮಕ್ಕಳ ಸರ್ಕಾರಿ ಶಾಲೆಗಳ ಸಮಾವೇಶವೊಂದರಲ್ಲಿ ಅವರು ಸಭೆಯನ್ನು ಕುರಿತು, ಗರ್ಲಿ ಸ್ವಾಟ್‌ಗಳಿಗೆ ಜೈ ಎನ್ನಿ ಎಂಬರ್ಥದ ಮಾತಾಡಿದರು. ಹೀಯಾಳಿಕೆಯನ್ನು ಹೀಗೆ ತಲೆಯೆತ್ತಿ ಮೈಮೇಲೆ ಹಾಕಿಕೊಳ್ಳುವುದು ನನಗೆ ತುಂಬ ಮೆಚ್ಚುಗೆಯಾಗುತ್ತದೆ.

ಇದಿಷ್ಟೂ ಮೇಲ್ವರ್ಗದ ಕತೆ. ದುಡಿಯುವ ವರ್ಗದ ಮಕ್ಕಳೂ ಓದುವವರನ್ನು ಛೇಡಿಸುತ್ತಿದ್ದರು, ಆದರೆ ಕಾರಣ ತದ್ವಿರುದ್ಧ. 1944ರ ಶಿಕ್ಷಣ ಕಾಯ್ದೆಯ ನಂತರ ಹನ್ನೊಂದನೆಯ ವಯಸ್ಸಿಗೆ ಒಂದು ಪರೀಕ್ಷೆ ನಡೆಸಿ, ಸುಮಾರು ಕಾಲು ಭಾಗ ಮಕ್ಕಳನ್ನು ಮೇಲಿನ ಓದಿಗೆ ಅಣಿಮಾಡುವ ಗ್ರಾಮರ್ ಶಾಲೆಗೆ, ಉಳಿದವರಲ್ಲಿ ಹೆಚ್ಚಿನವರನ್ನು ಸಾಧಾರಣ ಶಾಲೆಗೆ ಕಳಿಸುತ್ತಿದ್ದರು. ಒಂದೇ ಬೀದಿಯ ಗೆಳೆಯರು, ಒಂದೇ ಮನೆಯ ಅಣ್ಣತಮ್ಮಂದಿರು ಬೇರೆಯಾಗುತ್ತಿದ್ದರು. ಗ್ರಾಮರ್ ಶಾಲೆಯ ಟೋಪಿ ಹಾಕಿಕೊಂಡು ಬೀದಿಯಲ್ಲಿ ಬರುವ ಹುಡುಗ ತನ್ನವರಿಗೇ ಹೊರಗಿನವನಾಗುತ್ತಿದ್ದ. ಇಂಗ್ಲೆಂಡಿನಲ್ಲಿ ಅಂಥ 163 ಶಾಲೆಗಳು ಉಳಿದಿವೆ.

ಸಮಾಜಶಾಸ್ತ್ರಜ್ಞ ಪಾಲ್ ವಿಲ್ಲಿಸ್ ಇಂಗ್ಲೆಂಡಿನ ಮಧ್ಯಭಾಗದ ಕೈಗಾರಿಕಾ ಪಟ್ಟಣವೊಂದರ ಹನ್ನೆರಡು ಹುಡುಗರ ಜೊತೆ ಒಡನಾಡಿ 1977ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಆ ಹುಡುಗರು ತಮ್ಮನ್ನು 'ಲ್ಯಾಡ್ಸ್' ಎಂದುಕೊಳ್ಳುತ್ತಿದ್ದರು. ಮೇಷ್ಟ್ರು ಹೇಳಿದಂತೆ ಕೇಳುವವರನ್ನು 'ಇಯರ್‌ಓಲ್ಸ್' ಎನ್ನುತ್ತಿದ್ದರು, ಅಂದರೆ ಕಿವಿಯ ತೂತುಗಳು. ಸದಾ ಕೇಳಿಸಿಕೊಳ್ಳುತ್ತಾರೆ, ತಾವಾಗಿ ಏನನ್ನೂ ಮಾಡುವುದಿಲ್ಲ ಎಂಬ ತಿರಸ್ಕಾರ. ಓದಿನಿಂದ ತಮ್ಮಂಥವರಿಗೆ ದಕ್ಕುವುದು ಕಡಿಮೆ ಎಂದು ಆ ಹುಡುಗರು ಗ್ರಹಿಸಿದ್ದರು. ಆ ಗ್ರಹಿಕೆಯ ಮೇಲೆ ನಡೆದುಕೊಂಡು, ಅಪ್ಪಂದಿರು ದುಡಿಯುತ್ತಿದ್ದ ಕಾರ್ಖಾನೆಗಳಿಗೇ ತಾವಾಗಿ ನಡೆದು ಹೋದರು ಎಂಬುದು ಆ ಅಧ್ಯಯನದ ನೋವಿನ ತಿರುಳು.

ಇಲ್ಲಿ ಇನ್ನೊಂದು ಪದವನ್ನು ಗಮನಿಸಬೇಕು. ಮೈ ಮುರಿದು ದುಡಿಯುವುದಕ್ಕೆ ಬ್ರಿಟನ್ನಿನ ದುಡಿಯುವ ಜನ 'ಗ್ರಾಫ್ಟ್' ಎನ್ನುತ್ತಾರೆ, ಹಾಗೆ ದುಡಿಯುವವನು 'ಗ್ರಾಫ್ಟರ್'. ಅದು ತುಂಬು ಮೆಚ್ಚುಗೆಯ ಮಾತು. ಸತ್ತ ಅಜ್ಜನ ಬಗ್ಗೆ ಮೊಮ್ಮಕ್ಕಳು ಹೆಮ್ಮೆಯಿಂದ ಹೇಳುವಂಥದ್ದು. ಇಟ್ಟಿಗೆ ಹೊತ್ತು ಬೆವರಿದರೆ ಗ್ರಾಫ್ಟರ್, ಪುಸ್ತಕ ಹಿಡಿದು ಬೆವರಿದರೆ ಸ್ವಾಟ್. ಬೆವರು ಒಂದೇ, ಬೆಲೆ ಬೇರೆ.

ಗಡಿ ದಾಟಿ ಸ್ಕಾಟ್ಲೆಂಡಿಗೆ ಹೋದರೆ ಗಾಳಿಯೇ ಬೇರೆಯಾಗುತ್ತದೆ. 1696ರಲ್ಲೇ ಪ್ಯಾರಿಷ್‌ಗೊಂದು, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಸೀಮೆಗೊಂದು, ಶಾಲೆ ಇರಬೇಕೆಂದು ಕಾನೂನು ಮಾಡಿದ ನಾಡು ಅದು. ಬಡ ರೈತನ ಮನೆಯಲ್ಲಿ ಹುಟ್ಟಿದ ಜಾಣ ಹುಡುಗನಿಗೆ ಅಲ್ಲಿ 'ಲ್ಯಾಡ್ ಓ ಪೇರ್ಟ್ಸ್' ಎಂಬ ಗೌರವದ ಹೆಸರಿದೆ. ಊರ ಮೇಷ್ಟ್ರು, ಪಾದ್ರಿ ಸೇರಿ ಅಂಥವನನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವುದು ಅಲ್ಲಿನ ಜನ ಹೆಮ್ಮೆಯಿಂದ ಹೇಳಿಕೊಳ್ಳುವ ಚಿತ್ರ. ಶಾಲೆಯ ಮೊದಲಿಗನಿಗೆ 'ಡಕ್ಸ್' ಎಂಬ ಬಿರುದು, ಪದಕ. ಚೆನ್ನಾಗಿ ಓದು ಎಂದು ಹುರಿದುಂಬಿಸಲು 'ಸ್ಟಿಕ್ ಇನ್' ಎನ್ನುತ್ತಾರೆ. ಈ ವಾತಾವರಣ ನಮ್ಮ ಊರುಗಳಿಗೆ ಇಂಗ್ಲೆಂಡಿಗಿಂತ ಹತ್ತಿರದ್ದು.

ಎರಡನೆಯ ಮಹಾಯುದ್ಧ ಇಂಗ್ಲೆಂಡಿಗೂ ಓದುವವರ ಬಗ್ಗೆ ಹೊಸ ಪದವೊಂದನ್ನು ಕೊಟ್ಟಿತು: 'ಬಾಫಿನ್'. ರೇಡಾರ್‌ನಂಥ ಉಪಕರಣಗಳನ್ನು ಕಟ್ಟುತ್ತಿದ್ದ ವಿಜ್ಞಾನಿಗಳಿಗೆ ವಾಯುಪಡೆಯವರು ಇಟ್ಟ ಹೆಸರು ಇದು. ಪದದ ಮೂಲ ಇತ್ಯರ್ಥವಾಗಿಲ್ಲ. ರೇಡಾರ್ ಸಂಶೋಧನಾ ಕೇಂದ್ರದಲ್ಲಿ ಪ್ರತಿ ಭಾನುವಾರ ವಿಜ್ಞಾನಿಗಳೂ ಸೇನಾಧಿಕಾರಿಗಳೂ ಒಂದೇ ಕೋಣೆಯಲ್ಲಿ ಕೂತು, ಪದವಿಯ ಭೇದವಿಲ್ಲದೆ ವಾದಿಸುತ್ತಿದ್ದರು. ಆ ಸಭೆಗಳಿಗೆ 'ಸಂಡೇ ಸೋವಿಯತ್' ಎಂದು ಹೆಸರಾಗಿತ್ತು. ಕೂದಲು ಕೆದರಿದ, ಬಟ್ಟೆಯ ಮೇಲೆ ಗಮನವಿಲ್ಲದ ಈ ಮನುಷ್ಯರು ಮಾಡಿದ ಉಪಕರಣ ತಮ್ಮ ಜೀವ ಉಳಿಸುತ್ತಿದೆ ಎಂದು ಪೈಲಟ್‌ಗಳಿಗೆ ಗೊತ್ತಿತ್ತು. ಹಾಗಾಗಿ ಬಾಫಿನ್ ಎಂಬ ಮಾತಿನಲ್ಲಿ ಛೇಡಿಕೆಯ ಜೊತೆ ಋಣವೂ ಇತ್ತು. ಯುದ್ಧದ ನಂತರ ಟ್ಯಾಬ್ಲಾಯ್ಡ್ ಪತ್ರಿಕೆಗಳು ಇದನ್ನು ಹಿಡಿದುಕೊಂಡವು. ಯಾವ ಸಂಶೋಧನೆಯ ಸುದ್ದಿಯಾದರೂ ಶೀರ್ಷಿಕೆಯಲ್ಲಿ 'ಬಾಫಿನ್‌ಗಳು' ಬರಲೇಬೇಕು. ಶಾಲೆಗಳಲ್ಲಿ ಅದು 'ಬಾಫ್' ಎಂದು ಮೊಟಕಾಗಿ ಮತ್ತೆ ಬೈಗುಳವಾಯಿತು. ಈ ಪದವನ್ನು ಕೈಬಿಡಿ, ಇದರಿಂದ ಮಕ್ಕಳು ವಿಜ್ಞಾನದಿಂದ ದೂರವಾಗುತ್ತಾರೆ ಎಂದು ಬ್ರಿಟನ್ನಿನ ಭೌತವಿಜ್ಞಾನ ಸಂಸ್ಥೆ 2023ರಲ್ಲಿ ಪತ್ರಿಕೆಗಳ ವಿರುದ್ಧ ಆಂದೋಲನವನ್ನೇ ನಡೆಸಿತು. ಸಂಸ್ಥೆಯ ಕಾಳಜಿ ನ್ಯಾಯವಾದದ್ದು. ಬಾಫಿನ್ ಎಂದೊಡನೆ ಕಣ್ಣ ಮುಂದೆ ಬರುವುದು ಬಿಳಿ ಕೋಟಿನ ವಯಸ್ಸಾದ ಗಂಡಸು. ಹುಡುಗಿಯೊಬ್ಬಳು ಆ ಚಿತ್ರದಲ್ಲಿ ತನ್ನನ್ನು ಕಂಡುಕೊಳ್ಳುವುದು ಕಷ್ಟ.

ಈಗ ಚಾಲ್ತಿಯಲ್ಲಿರುವ ಉಳಿದ ಪದಗಳನ್ನು ಬೇಗ ನೋಡಿಬಿಡೋಣ. 'ಕ್ಲೆವರ್ ಕ್ಲಾಗ್ಸ್' ಎಂದರೆ ತನಗೇ ಎಲ್ಲ ಗೊತ್ತು ಎನ್ನುವವನು. 'ಬ್ರೇನ್‌ಬಾಕ್ಸ್' ಮೆಚ್ಚುಗೆಗೆ ಹತ್ತಿರ. 'ಸ್ಪಾಡ್' ಎಂದರೆ ಓದು ಬಿಟ್ಟು ಬೇರೇನೂ ಇಲ್ಲದ ಸಪ್ಪೆ ಮನುಷ್ಯ. 'ಆನರಾಕ್' ಎಂದರೆ ಟೋಪಿಯಿರುವ ಮಳೆಯ ಜಾಕೆಟ್. ರೈಲ್ವೆ ಪ್ಲಾಟ್‌ಫಾರಂನ ತುದಿಯಲ್ಲಿ ಅದನ್ನು ತೊಟ್ಟು ನಿಂತು ಎಂಜಿನ್‌ಗಳ ನಂಬರು ಬರೆದುಕೊಳ್ಳುವ ಹವ್ಯಾಸಿಗಳಿಂದಾಗಿ, ಒಂದೇ ವಿಷಯದ ಹಿಂದೆ ಬಿದ್ದವರಿಗೆಲ್ಲ ಆ ಹೆಸರು ಅಂಟಿತು. 'ನರ್ಡ್' ಅಮೆರಿಕದಿಂದ ಬಂದದ್ದು. 'ಗೀಕ್' ಅಮೆರಿಕದಿಂದ ಈ ಅರ್ಥ ಹೊತ್ತು ಮರಳಿದ ಹಳೆಯ ಪದ. ಲಂಡನ್ನಿನ ಶಾಲಾಮಕ್ಕಳು ಇವೆರಡನ್ನೂ ಕೂಡಿಸಿ 'ನೀಕ್' ಎಂದು ಮಾಡಿಕೊಂಡಿದ್ದಾರೆ. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಹೋಗಿ ನೆಲೆಸಿದವರ ಮಕ್ಕಳ ಬಾಯಲ್ಲಿ ಇಂದು ಕೇಳಬಹುದಾದದ್ದು 'ಬಾಫ್', 'ನೀಕ್'ಗಳೇ. 'ಸ್ವಾಟ್' ಅವರಿಗೆ ಅಜ್ಜಂದಿರ ಮಾತಾಗಿ ಕೇಳಿಸೀತು.

ಪದವಿಯ ದರ್ಜೆಗಳಿಗೆ ವಿದ್ಯಾರ್ಥಿಗಳು ಪ್ರಾಸದ ಮೇಲೆ ಕಟ್ಟಿದ ಹೆಸರುಗಳು ಇನ್ನೂ ಸ್ವಾರಸ್ಯದವು. ಅಲ್ಲಿ ಆನರ್ಸ್ ಪದವಿಗೆ ಫಸ್ಟ್, ಟೂ-ವನ್, ಟೂ-ಟೂ, ಥರ್ಡ್ ಎಂದು ನಾಲ್ಕು ದರ್ಜೆ. ಫಸ್ಟ್‌ಗೆ ಪ್ರಾಸವಾಗಿ 1966ರ ವಿಶ್ವಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಮೂರು ಗೋಲು ಹೊಡೆದ 'ಜೆಫ್ ಹರ್ಸ್ಟ್'. ಟೂ-ವನ್‌ಗೆ ಹಳೆಯ ಕಾಲದ ಹೂಣರ ದೊರೆ 'ಅಟಿಲಾ ದ ಹನ್'. ಟೂ-ಟೂ ಬಂದರೆ ದಕ್ಷಿಣ ಆಫ್ರಿಕದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರಿಂದಾಗಿ 'ಡೆಸ್ಮಂಡ್'. ಥರ್ಡ್‌ಗೆ ವಿದೇಶಾಂಗ ಸಚಿವರಾಗಿದ್ದ 'ಡಗ್ಲಸ್ ಹರ್ಡ್'. ನಾಲ್ಕರಲ್ಲಿ ಎಲ್ಲರ ಬಾಯಲ್ಲಿ ನಿಂತದ್ದು ಡೆಸ್ಮಂಡ್. ಮರದ ಸೌಟಿಗೆ ಕೈತಟ್ಟಿದ ಮನಸ್ಸೇ ಇಲ್ಲೂ ಕೆಲಸ ಮಾಡಿದೆ.

ಓದುವ ಕ್ರಿಯೆಗೆ ಇರುವ ಮಾತುಗಳಲ್ಲಿ ಇಷ್ಟು ವಿಷವಿಲ್ಲ. 'ಸ್ವಾಟ್ ಅಪ್' ಎಂದರೆ ಬೇಕಾದ ವಿಷಯವನ್ನು ಕೂತು ಓದಿಕೊಳ್ಳುವುದು. ಯಾರು ಬೇಕಾದರೂ ತಮ್ಮ ಬಗ್ಗೆ ಹೇಳಿಕೊಳ್ಳಬಹುದು. 'ಜೆನ್ ಅಪ್' ವಾಯುಪಡೆಯಿಂದ ಬಂದದ್ದು, ಮಾಹಿತಿ ಕಲೆಹಾಕಿಕೊಳ್ಳುವುದು ಎಂದರ್ಥ. ಪರೀಕ್ಷೆಗೆ ಓದುವುದಕ್ಕೆ ಎಲ್ಲರೂ ಬಳಸುವ ಮಾತು 'ರಿವೈಸ್'. ನಮ್ಮ ಶಾಲೆಗಳ 'ರಿವಿಷನ್' ಅಲ್ಲಿಂದಲೇ ಬಂದದ್ದು. ಅಮೆರಿಕದವರು ಈ ಅರ್ಥದಲ್ಲಿ ಅದನ್ನು ಬಳಸುವುದಿಲ್ಲ. ಪರೀಕ್ಷೆಯ ದಿನ ಹಾಲ್‌ನ ಹೊರಗೆ ನಿಂತ ಬ್ರಿಟಿಷ್ ವಿದ್ಯಾರ್ಥಿಗಳಲ್ಲಿ ಒಬ್ಬೊಬ್ಬರೂ ತಾನು ರಿವಿಷನ್ ಮಾಡಿಯೇ ಇಲ್ಲ ಎನ್ನುತ್ತಾರೆ. ಅದನ್ನು ನಂಬಿ ಕೂರಬಾರದು. ಬೆವರು ಕಾಣಬಾರದೆಂಬ ಹಳೆಯ ಕಟ್ಟಳೆಯನ್ನು ಅವರು ಪಾಲಿಸುತ್ತಿದ್ದಾರೆ.

ಅಲ್ಲಿಗೆ ಓದಲು ಹೋಗುವ ನಮ್ಮ ವಿದ್ಯಾರ್ಥಿಗಳು ಒಂದು ಪದದಲ್ಲಿ ಎಚ್ಚರವಾಗಿರಬೇಕು. 'ಮಗ್ ಅಪ್' ಬ್ರಿಟನ್ನಿನಿಂದಲೇ ನಮ್ಮ ಹಾಸ್ಟೆಲುಗಳಿಗೆ ಬಂದು ಉರು ಹೊಡೆಯುವುದು ಎಂಬ ಅರ್ಥಕ್ಕೆ ತಿರುಗಿತು. ಅಲ್ಲಿ ಅದಕ್ಕೆ ಇನ್ನೂ ಹಳೆಯ ಅರ್ಥವೇ ಇದೆ: ಸ್ವಲ್ಪ ಕಾಲದಲ್ಲಿ ಒಂದು ವಿಷಯವನ್ನು ಚೆನ್ನಾಗಿ ತಿಳಿದುಕೊಳ್ಳುವುದು. 'ಅಪ್' ಬಿಟ್ಟು, ರಾತ್ರಿಯೆಲ್ಲ 'ಮಗ್ಗಿಂಗ್' ಮಾಡಿದೆ ಎಂದು ಇಲ್ಲಿನ ರೂಢಿಯಲ್ಲಿ ಹೇಳಿದರೆ ಅಲ್ಲಿನವರಿಗೆ ಕೇಳಿಸುವುದೇ ಬೇರೆ. ಅಲ್ಲಿ ಮಗ್ಗಿಂಗ್ ಎಂದರೆ ದಾರಿಯಲ್ಲಿ ಹೋಗುವವರನ್ನು ಅಡ್ಡಗಟ್ಟಿ ದೋಚುವುದು.